ಜೋಳದ ಹೊಲದ ಗುಬ್ಬಿ, ಕೆರೆಯ ಕಂದು ಬಾತು: ಚಳಿಗಾಲದಲ್ಲಿ ಹಕ್ಕಿ ಗುರುತಿಸುವುದು ಹೇಗೆ

ಎಳ್ಳ ಅಮಾವಾಸ್ಯೆ ದಿನ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಮುಗಿಸಿ ಎಲ್ಲರೂ ಬೇವಿನ ಗಿಡದ ಕೆಳಗೆ ಒರಗಿದ್ದರು. ನಾನು ಮಾತ್ರ ದುರ್ಬೀನು ಹಿಡಿದು ಬದುವಿನ ಮೇಲೆ ಕೂತಿದ್ದೆ. ಜೋಳಕ್ಕೆ ಇನ್ನೇನು ಹಾಲು ತುಂಬುವ ಹೊತ್ತು. ನೂರಾರು ಸಣ್ಣ ಕಂದು ಹಕ್ಕಿಗಳು ತೆನೆಯಿಂದ ತೆನೆಗೆ ಹಾರುತ್ತಿದ್ದವು. ಮಾವ ಹತ್ತಿರ ಬಂದು, "ಗುಬ್ಬಿ ಅಂದ್ರ ಗುಬ್ಬಿ ಅಳಿಯಾ, ಅದ್ರಾಗ ಏನದ ನೋಡ್ಲಿಕ್ಕಿ?" ಅಂತ ನಕ್ಕರು. ಒಂದು ನಿಮಿಷ ಬಿಟ್ಟು ತಾವೇ, "ಇವು ಮನಿ ಗುಬ್ಬಿ ಅಲ್ಲ ಬಿಡು. ಮನಿ ಗುಬ್ಬಿ ವರ್ಷಪೂರ್ತಿ ಇಲ್ಲೇ ಇರ್ತಾವ. ಇವು ದೀಪಾವಳಿ ಆದ ಮ್ಯಾಲ ಬರ್ತಾವ, ಯುಗಾದಿ ದಾಟಿತಂದ್ರ ಒಂದೂ ಕಾಣಂಗಿಲ್ಲ" ಅಂದರು.

ಹಕ್ಕಿ ಗುರುತಿಸುವ ಅರ್ಧ ಕೆಲಸವನ್ನು ಮಾವ ಅಷ್ಟರಲ್ಲೇ ಮುಗಿಸಿದ್ದರು. ಅವರಿಗೆ ಹೆಸರು ಗೊತ್ತಿಲ್ಲ. ಆದರೆ ಯಾವಾಗ ಬರುತ್ತವೆ, ಎಲ್ಲಿ ಕೂರುತ್ತವೆ, ಹೇಗೆ ತಿನ್ನುತ್ತವೆ ಅಂತ ಗೊತ್ತು. ಪುಸ್ತಕ ಹಿಡಿದು ಹೊರಡುವ ನಾವು ಇದನ್ನು ಉಲ್ಟಾ ಮಾಡುತ್ತೇವೆ. ಮೊದಲು ಬಣ್ಣ ನೋಡುತ್ತೇವೆ, ಚಿತ್ರದ ಜೊತೆ ಹೋಲಿಸುತ್ತೇವೆ, ಐದು ಹಕ್ಕಿಗೂ ಅದೇ ಕಂದು ಬಣ್ಣ ಅಂತ ಕಂಡ ಮೇಲೆ ತಲೆ ಕೆರೆದುಕೊಳ್ಳುತ್ತೇವೆ. ನಾನು ಎರಡು ವರ್ಷ ಚಳಿಗಾಲದ ಗೀಜಗಗಳನ್ನೆಲ್ಲ ಹೆಣ್ಣು ಗುಬ್ಬಿ ಅಂತ ಎಣಿಸಿ ಬರೆದಿಟ್ಟವನು. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಬಹಳಷ್ಟು ನನ್ನ ತಪ್ಪುಗಳಿಂದಲೇ ಬಂದದ್ದು.

ಹೊರಡುವ ಮೊದಲು

ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಕಡೆ ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆವರೆಗೆ ಒಳ್ಳೆಯ ಕಾಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6:45 ಆದ ಮೇಲೆ. ಅದಕ್ಕೇ ನಾಲ್ಕು ಗಂಟೆಗೆಲ್ಲ ಎದ್ದು ಒದ್ದಾಡಬೇಕಿಲ್ಲ. ಸೂರ್ಯ ಮೇಲೇಳುವಾಗ ಜಾಗದಲ್ಲಿ ಇದ್ದರೆ ಸಾಕು. ಹತ್ತು ಗಂಟೆ ಮೇಲೆ ಹೊಲದ ಹಕ್ಕಿಗಳು ಸುಮ್ಮನಾಗುತ್ತವೆ, ನೀರಿನ ಮೇಲೆ ಬಿಸಿಲ ಝಳ ಎದ್ದು ದೂರದ ಬಾತು ಕುಣಿದಂತೆ ಕಾಣುತ್ತದೆ.

ದುರ್ಬೀನು 8×42 ತಗೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10×42 ಕೆರೆಗೆ ಚೆನ್ನ, ಆದರೆ ಕೈ ನಡುಗಿದರೆ ಚಿತ್ರವೂ ಜಾಸ್ತಿ ನಡುಗುತ್ತದೆ. ಸಂತೆಯಲ್ಲಿ ಸಿಗುವ 20 ಪಟ್ಟು, 30 ಪಟ್ಟು ಅನ್ನುವ ಅಗ್ಗದ ಮಾಲಿಗೆ ಮಾತ್ರ ದುಡ್ಡು ಹಾಕಬೇಡಿ, ಅದರಲ್ಲಿ ಹಕ್ಕಿ ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಜೊತೆಗೆ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು. ಫೋನಿನಲ್ಲಿ ಬರೆದರೂ ನಡೆಯುತ್ತದೆ, ಆದರೆ ಬಾಲದ ಆಕಾರ, ಕೊಕ್ಕಿನ ಆಕಾರ ಗೀಚಿಕೊಳ್ಳಲು ಕಾಗದವೇ ಸಲೀಸು.

ಬಟ್ಟೆ ಮಣ್ಣು ಬಣ್ಣದ್ದು ಇರಲಿ. ಬಿಳಿ ಅಂಗಿ ಹಾಕಿಕೊಂಡು ಕೆರೆ ಏರಿ ಮೇಲೆ ನಿಂತರೆ ಬಾತುಗಳು ಆಚೆ ದಂಡೆಗೆ ಹೋಗಿಬಿಡುತ್ತವೆ. ಚಪ್ಪಲಿ ಬೇಡ, ಬೂಟು ಬೇಕು. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲದ ಅಂಚಿನಲ್ಲಿ ನಡೆದರೆ ಪ್ಯಾಂಟೆಲ್ಲ ಹುಳಿ ನೀರು. ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಕಡಲೆ ಹುಳಿ ತೆಗೆಯುತ್ತಾರಲ್ಲ, ಅದೇ ಹುಳಿ. ಚರ್ಮಕ್ಕೆ ಕಡಿತ ಬರುತ್ತದೆ, ಬೂಟಿನ ಬಣ್ಣವೂ ಕೆಡುತ್ತದೆ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕೆಡುವುದಿಲ್ಲ, ಪ್ಲಾಸ್ಟಿಕ್ ಕಸ ಇಲ್ಲ.

ಇನ್ನೊಂದು ಮಾತು. ಹಿಂದಿನ ದಿನ ಮಳೆ ಬಿದ್ದಿದ್ದರೆ ಎರೆ ಹೊಲದ ದಾರಿಗೆ ಗಾಡಿ ಇಳಿಸಬೇಡಿ. ಒಂದು ಡಿಸೆಂಬರಿನಲ್ಲಿ ಅಕಾಲ ಮಳೆಯ ಮರುದಿನ ನನ್ನ ಕಾರಿನ ನಾಲ್ಕೂ ಗಾಲಿಗೆ ಮಣ್ಣು ಸುತ್ತಿಕೊಂಡು ತೇರಿನ ಗಾಲಿಯಂತೆ ಆಗಿತ್ತು. ಟ್ರ್ಯಾಕ್ಟರ್ ತಂದು ಎಳೆಸುವಷ್ಟರಲ್ಲಿ ಮಧ್ಯಾಹ್ನ. ಆ ದಿನ ಕಂಡದ್ದು ಎರಡು ಕಾಜಾಣ, ಒಂದು ಟ್ರ್ಯಾಕ್ಟರ್.

ಎಲ್ಲಿಗೆ ಹೋಗುವುದು

ಬಾತು ನೋಡಬೇಕಾದರೆ ಯಾದಗಿರಿ ಜಿಲ್ಲೆಯ ಬೋನಾಳ ಮೊದಲು. ಸುರಪುರದ ಹತ್ತಿರದ ಕೆರೆ ಇದು, ಸುರಪುರ ಅರಸರ ಕಾಲದ್ದು. ಅಲ್ಲಿ ಟೇಲರ್ ಮಂಜಿಲ್ ಬಂಗಲೆ ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರದಲ್ಲಿ ಇದ್ದಾಗ ಈ ಕೆರೆಯ ಕೆಲಸವನ್ನೂ ಮಾಡಿಸಿದ್ದ. ಈಗ ಪಕ್ಷಿಧಾಮ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಇಲ್ಲಿಯ ದೊಡ್ಡ ಆಕರ್ಷಣೆ. ನೀರು ಎಷ್ಟಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ತೀರಾ ತುಂಬಿದ ವರ್ಷ ಬಾತುಗಳು ನಡುನೀರಿನಲ್ಲಿ ಚುಕ್ಕೆಗಳಂತೆ ಕಾಣುತ್ತವೆ, ನೀರು ಸ್ವಲ್ಪ ಇಳಿದು ಅಂಚಿನಲ್ಲಿ ಕೆಸರು ಕಂಡರೆ ಆಗ ಹಬ್ಬ.

ಕಲಬುರಗಿ ಊರಿನವರು ಅಭ್ಯಾಸಕ್ಕೆ ಶರಣಬಸವೇಶ್ವರ ಕೆರೆಗೆ, ನಾವು ಅಪ್ಪನ ಕೆರೆ ಅನ್ನುವುದಕ್ಕೆ, ಹೋಗಿ ಬನ್ನಿ. ಅಲ್ಲಿ ನಾಮದ ಕೋಳಿ, ಗುಳುಮುಳಕ, ನೀರುಕಾಗೆಗಳನ್ನು ಚೆನ್ನಾಗಿ ನೋಡಿ ಮುಗಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಭೋಸಗಾ ಕೆರೆ, ಬೆಣ್ಣೆತೊರಾ, ಆಳಂದ ಕಡೆಯ ಅಮರ್ಜಾ. ಯಾದಗಿರಿಯವರಿಗೆ ಹತ್ತಿಕುಣಿ ಇದೆ. ಬೀದರ್ ಕಡೆ ಕಾರಂಜಾ ಜಲಾಶಯ. ಇದು ಸಮುದ್ರದ ಹಾಗೆ, ಅಣೆಕಟ್ಟಿನ ಮೇಲೆ ನಿಂತರೆ ಏನೂ ಸಿಗುವುದಿಲ್ಲ. ಹಿನ್ನೀರು ಹೊಲಕ್ಕೆ ತಾಗುವ ತಗ್ಗು ಜಾಗ ಹುಡುಕಬೇಕು. ಚಿಂಚೋಳಿಯ ಚಂದ್ರಂಪಳ್ಳಿ ಬೇರೆಯೇ ಲೋಕ, ಸುತ್ತ ಕಾಡು. ಬಾತಿಗೆ ಅಂತ ಹೋದರೆ ಕಾಡಿನ ಹಕ್ಕಿ ನೋಡುತ್ತಾ ಕೂತುಬಿಡುತ್ತೀರಿ.

ಗುಬ್ಬಿಯಂಥವಕ್ಕೆ ಹೆಸರಿರುವ ಜಾಗ ಬೇಕಾಗಿಲ್ಲ. ಜೋಳದ ಹೊಲ, ತೊಗರಿ ಕೊಯ್ದ ಹೊಲ, ಕಣ, ಬೀದರ್ ಸುತ್ತಿನ ಕೆಂಪು ಕಲ್ಲಿನ ಬಯಲು, ಹಳ್ಳದ ಜಾಲಿ ಗಿಡ. ಹೊಲದವರನ್ನು ಕೇಳಿಯೇ ಒಳಗೆ ಹೋಗಿ. "ಏನ್ ನೋಡ್ಲಾಕತ್ತೀರಿ ಸರ?" ಅಂತ ಕೇಳಿದರೆ ದುರ್ಬೀನು ಅವರ ಕೈಗೇ ಕೊಡಿ. ಐದು ನಿಮಿಷದಲ್ಲಿ ಎಲ್ಲಿ ಯಾವ ಹಿಂಡು ಇಳಿಯುತ್ತದೆ ಅಂತ ಅವರೇ ಹೇಳುತ್ತಾರೆ. ಅಣೆಕಟ್ಟಿನ ಮೇಲೆ ಕಾವಲಿನವರ ಅನುಮತಿ ಕೇಳದೆ ಕ್ಯಾಮೆರಾ ತೆಗೆಯಬೇಡಿ. ಬೀದರಿನಲ್ಲಿ ವಾಯುಪಡೆ ನೆಲೆಯ ಸುತ್ತ ದುರ್ಬೀನು ಚೀಲದಲ್ಲೇ ಇರಲಿ. ಬುಲ್‌ಬುಲ್ ನೋಡುತ್ತಿದ್ದೆ ಅಂದರೆ ಯಾರೂ ನಂಬುವುದಿಲ್ಲ.

ಗುಬ್ಬಿಯಂತೆ ಕಾಣುವವು

ಮೊದಲ ಹೆಜ್ಜೆ: ಮನೆಗುಬ್ಬಿಯನ್ನು ಅಳತೆಗೋಲು ಮಾಡಿಕೊಳ್ಳಿ. ಸುಮಾರು 15 ಸೆಂಟಿಮೀಟರ್ ಉದ್ದ. ಒಂದು ವಾರ ನಿಮ್ಮ ಓಣಿಯ ಕಿರಾಣಿ ಅಂಗಡಿ ಮುಂದೆ ಕಾಳು ಹೆಕ್ಕುವ ಹೆಣ್ಣು ಗುಬ್ಬಿಯನ್ನೇ ನೋಡಿ. ಗಂಡು ಎಲ್ಲರಿಗೂ ಗೊತ್ತು, ನೆತ್ತಿ ಬೂದು, ಗಂಟಲಲ್ಲಿ ಕಪ್ಪು. ತೊಂದರೆ ಕೊಡುವುದು ಹೆಣ್ಣು. ಅವಳ ನೆತ್ತಿ ಒಂದೇ ಕಂದು ಬಣ್ಣ, ಗೀರು ಇಲ್ಲ. ಕಣ್ಣಿನ ಹಿಂದೆ ಒಂದು ಮಾಸಲು ಪಟ್ಟಿ. ಬೆನ್ನಲ್ಲಿ ಕಪ್ಪು ಕಂದು ಗೀರು, ಎದೆ ಖಾಲಿ. ನೆಲದ ಮೇಲೆ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತಾಳೆ. ಈ ಕುಪ್ಪಳಿಕೆಯನ್ನು ಮರೆಯಬೇಡಿ, ಬಹಳ ಕಡೆ ಕೆಲಸಕ್ಕೆ ಬರುತ್ತದೆ.

ಈಗ ಹೊಲಕ್ಕೆ ಬನ್ನಿ. ಹಕ್ಕಿ ಕಂಡ ತಕ್ಷಣ ಬಣ್ಣ ನೋಡದೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿ ಕೂತಿದೆ, ನೆಲದಲ್ಲೋ ತೆನೆಯಲ್ಲೋ ಗಿಡದಲ್ಲೋ? ನಡೆಯುತ್ತದೋ ಕುಪ್ಪಳಿಸುತ್ತದೋ? ಕೊಕ್ಕು ದಪ್ಪವೋ ಸಣ್ಣದೋ? ಬಾಲ ಉದ್ದವೋ ಗಿಡ್ಡವೋ?

ನೆಲದ ಮೇಲೆ ಒಂದಾದ ಮೇಲೊಂದು ಕಾಲಿಟ್ಟು ನಡೆದರೆ ಅದು ಗುಬ್ಬಿ ಅಲ್ಲವೇ ಅಲ್ಲ. ಕುಳ್ಳಗೆ, ನೆಲಕ್ಕೆ ಅಂಟಿಕೊಂಡಂತೆ ಸರಿದಾಡಿ, ಕೊಕ್ಕು ದಪ್ಪ ಇದ್ದರೆ ನೆಲಗುಬ್ಬಿ. ಅದರ ಗಂಡಿಗೆ ನೆತ್ತಿ ಬೂದಿ, ಕೆಳಗೆಲ್ಲ ಕಪ್ಪು. ಹೆಣ್ಣು ಮಾತ್ರ ಎರೆ ಹೊಲದ ಒಣ ಹೆಂಟೆಯ ಹಾಗೆ, ಕಾಲಿನ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಅದರ ಗಂಡು ಮೇಲಕ್ಕೆ ಹಾರಿ ರೆಕ್ಕೆ ಮಡಚಿ ಸಿಳ್ಳೆ ಹಾಕುತ್ತಾ ಕೆಳಗೆ ಬೀಳುವ ಆಟ ಆಡುತ್ತಿದ್ದರೆ ಹೆಣ್ಣು ಅಲ್ಲೇ ಕೆಳಗಿರುತ್ತಾಳೆ. ತೆಳ್ಳಗೆ, ಕಾಲು ಉದ್ದ, ಬಾಲ ಮೇಲೆ ಕೆಳಗೆ ಆಡಿಸುತ್ತಾ ನಡೆದರೆ ಪಿಪಿಟ್. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಮಣ್ಣುಗಂದು, ಹಾರುವಾಗ ಬಾಲ ಕೆಂಪಗೆ ಕಂಡರೆ ಕೆಂಪು ಬಾಲದ ಬಾನಾಡಿ. ಇದು ನಮ್ಮ ದಖ್ಖನ್ನಿನ ಕಲ್ಲು ಬಯಲಿನದೇ. ನೂರಿನ್ನೂರು ಒಟ್ಟಿಗೆ ಎದ್ದು, ತಿರುಗಿ, ಮತ್ತೆ ಅದೇ ಹೊಲಕ್ಕೆ ಇಳಿದರೆ ಉತ್ತರದಿಂದ ಚಳಿಗಾಲಕ್ಕೆ ಬಂದಿರುವ ಗಿಡ್ಡ ಬೆರಳಿನ ಬಾನಾಡಿಯ ಹಿಂಡು ಇರಬಹುದು.

ಸೆಣಬಿನ ಕಡ್ಡಿ, ತೊಗರಿ ಕಡ್ಡಿಯ ತುದಿಗೆ ಒಂಟಿಯಾಗಿ ಕೂತು ಬಾಲ ಜಾಡಿಸುತ್ತಿದ್ದರೆ ಕೊಕ್ಕು ನೋಡಿ. ಕೊಕ್ಕು ಸೂಜಿಯಂತೆ ಇದ್ದರೆ ಅದು ಹುಳ ತಿನ್ನುವ ಹಕ್ಕಿ, ಗುಬ್ಬಿ ಸಂಸಾರದ್ದಲ್ಲ. ಅಲ್ಲಿಗೆ ಬಿಟ್ಟುಬಿಡಿ.

ಗುಬ್ಬಿಗಿಂತ ಬಹಳ ಸಣ್ಣದು, ಬಾಲ ಚೂಪು, ಐದಾರು ಒಂದೇ ಕಡ್ಡಿಯ ಮೇಲೆ ಮೈಗೆ ಮೈ ತಾಗಿಸಿ ಕೂತಿವೆ. ಅವು ರಾಟವಾಳ, ಮುನಿಯಾ ಅಂತಲೂ ಅನ್ನುತ್ತೇವೆ. ಗುಬ್ಬಿ ಹೀಗೆ ಅಂಟಿಕೊಂಡು ಕೂರುವುದು ಕಡಿಮೆ.

ಇನ್ನು ಗೀಜಗ. ಇಲ್ಲಿ ಸ್ವಲ್ಪ ನಿಲ್ಲಬೇಕು, ನಾನು ಎಡವಿದ್ದು ಇಲ್ಲೇ. ಮಳೆಗಾಲದಲ್ಲಿ ಗೂಡು ನೇಯುವ ಗಂಡು ಗೀಜಗಕ್ಕೆ ಹಳದಿ ಟೊಪ್ಪಿಗೆ ಇರುತ್ತದೆ, ಮಗುವಿಗೂ ಗೊತ್ತಾಗುತ್ತದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಹಳದಿ ಹೋಗಿ ಗಂಡೂ ಹೆಣ್ಣಿನ ಹಾಗೇ ಆಗುತ್ತದೆ. ಆಗ ಜೋಳದ ಹೊಲದಲ್ಲಿ ಇಳಿಯುವ ಹಿಂಡು ಪೂರ್ತಿ ಹೆಣ್ಣು ಗುಬ್ಬಿಗಳ ಸಂಘದಂತೆ ಕಾಣುತ್ತದೆ. ಒಂದೂ ಗಂಡಿಲ್ಲದ ಗುಬ್ಬಿ ಹಿಂಡು ಎಲ್ಲಾದರೂ ಇರುತ್ತದಾ? ಅದೇ ಮೊದಲ ಸುಳಿವು, ನನಗೆ ಎರಡು ವರ್ಷ ಹೊಳೆದಿರಲಿಲ್ಲ. ಎರಡನೆಯ ಸುಳಿವು ನೆತ್ತಿ. ಗೀಜಗದ ನೆತ್ತಿಯಲ್ಲಿ ಕಪ್ಪು ಗೀರುಗಳಿವೆ, ಹೆಣ್ಣು ಗುಬ್ಬಿಗೆ ಇಲ್ಲ. ಕೊಕ್ಕು ದಪ್ಪ, ಮೊಂಡ ತ್ರಿಕೋನ. ಬಾಲ ಗಿಡ್ಡ. ಎದೆಗೆ ಒಂಥರಾ ಗೋಧಿ ಹಿಟ್ಟಿನ ಬಣ್ಣ. ಸಂಜೆ ಕಬ್ಬಿನ ಗದ್ದೆಗೋ ಆಪಿನ ಜೊಂಡಿಗೋ ಗುಂಪಾಗಿ ಮಲಗಲು ಹೋಗುತ್ತವೆ. ಜೊಂಡಿನ ಅಂಚಿನಲ್ಲಿ ಅಂಥದ್ದೇ ಹಕ್ಕಿಯ ಎದೆಯಲ್ಲಿ ದಪ್ಪ ಗೀರು ಕಂಡರೆ ಗೆರೆಯೆದೆಯ ಗೀಜಗ ಇದೆಯೇನೋ ಅಂತ ಇನ್ನೊಮ್ಮೆ ನೋಡಿ.

ಬೇವು, ಜಾಲಿ ಗಿಡದಲ್ಲಿ ಕೂತು ಚಿಲಿಪಿಲಿ ಅನ್ನುವ, ಆದರೆ ದನಿ ಗುಬ್ಬಿಗಿಂತ ಮೆತ್ತಗಿರುವ ಹಕ್ಕಿಯ ಬೆನ್ನು ನೋಡಿ. ಗೀರೇ ಇಲ್ಲದ ಬೂದುಗಂದು ಬೆನ್ನು, ರೆಕ್ಕೆಯಲ್ಲಿ ಎರಡು ಬಿಳಿ ಗೆರೆ, ಭುಜದಲ್ಲಿ ಇಟ್ಟಿಗೆ ಬಣ್ಣದ ತೇಪೆ ಇದ್ದರೆ ಹಳದಿ ಗಂಟಲಿನ ಗುಬ್ಬಿ. ಗಂಟಲಿನ ಹಳದಿ ಚುಕ್ಕೆ ಗಂಡಿಗೆ ಮಾತ್ರ, ಅದೂ ಕತ್ತು ಎತ್ತಿದರೆ ಕಂಡೀತು. ಹೆಸರು ನಂಬಿ ಹಳದಿ ಹುಡುಕುತ್ತಾ ಕೂತರೆ ಹಕ್ಕಿ ಹೋಗಿಬಿಡುತ್ತದೆ, ಬೆನ್ನು ಮತ್ತು ಭುಜ ನೋಡಿ ಸಾಕು. ಸಲೀಂ ಅಲಿ ಹುಡುಗನಾಗಿದ್ದಾಗ, 1908ರಲ್ಲಿ, ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಗಂಟಲು ಹಳದಿ ಇದೆಯಲ್ಲ ಅಂತ ಕುತೂಹಲಪಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದದ್ದು ಇದೇ ಹಕ್ಕಿ ಹಿಡಿದು. ಅಲ್ಲಿಂದ ಅವರು ಪಕ್ಷಿ ವಿಜ್ಞಾನಿ ಆದರು.

ಕೊನೆಗೆ ಮಾವನ ಹೊಲದ ಹಕ್ಕಿಗಳು. ಅವು ಬಂಟಿಂಗ್. ಗುಬ್ಬಿಗಿಂತ ಸ್ವಲ್ಪ ದೊಡ್ಡವು, ಬಾಲ ಉದ್ದ, ಜೋಳದ ತೆನೆಯ ಮೇಲೇ ಕೂತು ಕಾಳು ಬಿಡಿಸುತ್ತವೆ. ಕವಣೆ ಬೀಸಿದರೆ, ಡಬ್ಬಿ ಬಡಿದರೆ ಇಡೀ ಹಿಂಡು ಎದ್ದು ಹತ್ತಿರದ ಜಾಲಿಗೆ ಹೋಗಿ ಕೂರುತ್ತದೆ. ನಾವು ನೋಡಬೇಕಾದ್ದು ಆಗ. ನಮ್ಮಲ್ಲಿಗೆ ಮುಖ್ಯವಾಗಿ ಎರಡು ಬರುತ್ತವೆ. ಕಪ್ಪು ತಲೆಯದು ಆಗ್ನೇಯ ಯುರೋಪಿನಿಂದ ಇರಾನಿನವರೆಗಿನ ಸೀಮೆಯದು, ಕೆಂಪು ತಲೆಯದು ಮಧ್ಯ ಏಷ್ಯಾದ್ದು. ಗಂಡುಗಳನ್ನು ಬೇರೆ ಮಾಡಬಹುದು. ಹೆಣ್ಣುಗಳು ಎರಡೂ ಮಾಸಲು ಹುಲ್ಲಿನ ಬಣ್ಣ, ಬಾಲದ ಕೆಳಗೆ ಹಳದಿ ಛಾಯೆ. ಸೊಂಟದಲ್ಲಿ ಕೆಂಪು ಛಾಯೆ ಇದ್ದರೆ ಕಪ್ಪು ತಲೆಯದರ ಹೆಣ್ಣು, ಹಸಿರು ಹಳದಿ ಇದ್ದರೆ ಕೆಂಪು ತಲೆಯದರ ಹೆಣ್ಣು ಅಂತ ಪುಸ್ತಕ ಹೇಳುತ್ತದೆ. ಹೊಲದಲ್ಲಿ ನಿಂತವನಿಗೆ ಇದು ಹತ್ತರಲ್ಲಿ ಎರಡು ಸಲ ಕೆಲಸ ಮಾಡಿದರೆ ಪುಣ್ಯ. ಅನುಭವಸ್ಥರೂ ಇಲ್ಲಿ ಕೈ ಎತ್ತುತ್ತಾರೆ. "ಬಂಟಿಂಗ್, ಹೆಣ್ಣು, ಎರಡರಲ್ಲಿ ಒಂದು" ಅಂತ ಬರೆದು ಮುಂದೆ ಹೋಗಿ. ಅವಮಾನ ಏನಿಲ್ಲ.

ಬೀದರ್ ಕಡೆ ಕಲ್ಲು ಹರಡಿದ ಬೋಳು ದಿಬ್ಬದಲ್ಲಿ ನೆಲಕ್ಕೆ ಇಳಿದು ಮೇಯುವ ಬಂಟಿಂಗ್ ಸಿಕ್ಕರೆ ತಲೆ ನೋಡಿ. ತಲೆ ಬೂದು, ಕಣ್ಣಿನ ಸುತ್ತ ಬಿಳಿ ಉಂಗುರ, ಕೊಕ್ಕು ನಸುಗೆಂಪು ಇದ್ದರೆ ಬೂದು ಕತ್ತಿನ ಬಂಟಿಂಗ್. ಇದು ಜೋಳದ ಹಿಂಡಿನ ಗಲಾಟೆಗೆ ಬರುವುದಿಲ್ಲ, ತನ್ನ ಪಾಡಿಗೆ ಇರುತ್ತದೆ.

ಕೆರೆಯ ಕಂದು ಬಾತುಗಳು

ಬೆಳಿಗ್ಗೆ ಕೆರೆಯ ಮೂಡಣ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿ. ಸೂರ್ಯ ಬೆನ್ನ ಹಿಂದೆ ಇರಬೇಕು. ಸಂಜೆ ಇದರ ಉಲ್ಟಾ. ಬಿಸಿಲಿಗೆ ಎದುರಾಗಿ ನಿಂತರೆ ಎಲ್ಲ ಬಾತೂ ಕಪ್ಪು ಬಾತೇ. ಇಷ್ಟು ಸರಳ ವಿಷಯಕ್ಕೆ ನಾವು ಅರ್ಧ ದಿನ ಹಾಳು ಮಾಡಿಕೊಳ್ಳುತ್ತೇವೆ.

ಮೊದಲು ಬಾತು ಅಲ್ಲದವುಗಳನ್ನು ಕಳೆಯಿರಿ. ಕಪ್ಪು ಮೈ, ಹಣೆಗೆ ಬಿಳಿ ನಾಮ, ಈಜುವಾಗ ತಲೆ ಹಿಂದೆ ಮುಂದೆ ಆಡಿಸುವುದು ನಾಮದ ಕೋಳಿ. ಪುಟ್ಟ ಚೆಂಡಿನಂತೆ ತೇಲಿ ಪುಳಕ್ಕನೆ ಮುಳುಗುವುದು ಗುಳುಮುಳಕ. ಮೈ ಅರ್ಧ ಮುಳುಗಿ, ಕತ್ತು ಮಾತ್ರ ಹಾವಿನಂತೆ ಕಂಡರೆ ನೀರುಕಾಗೆ. ಅಪ್ಪನ ಕೆರೆಯಲ್ಲಿ ಇವನ್ನು ಮೊದಲೇ ನೋಡಿ ಮುಗಿಸಿ ಅಂದದ್ದು ಇದಕ್ಕೇ. ದೊಡ್ಡ ಕೆರೆಯಲ್ಲಿ "ಅಬ್ಬಾ, ಸಾವಿರ ಬಾತು!" ಅಂತ ಕುಣಿದು, ಆಮೇಲೆ ಅದರಲ್ಲಿ ಎಂಟುನೂರು ನಾಮದ ಕೋಳಿ ಅಂತ ಗೊತ್ತಾಗುವುದು ಬೇಡ.

ಉಳಿದವುಗಳನ್ನು ಎರಡು ಪಾಲು ಮಾಡಿ. ಬಾಲ ನೀರಿನಿಂದ ಮೇಲಿದೆ, ತಿನ್ನುವಾಗ ತಲೆ ಕೆಳಗೆ ಹಾಕಿ ಹಿಂಭಾಗ ಆಕಾಶಕ್ಕೆ ಎತ್ತುತ್ತದೆ, ಹಾರುವಾಗ ನೀರಿನಿಂದ ನೆಟ್ಟಗೆ ಜಿಗಿಯುತ್ತದೆ. ಇವು ಮೇಲುನೀರಿನ ಬಾತು. ಬಾಲ ನೀರಿಗೆ ತಾಗಿದೆ, ಪೂರ್ತಿ ಮುಳುಗಿ ಬೇರೆ ಕಡೆ ಏಳುತ್ತದೆ, ಹಾರಬೇಕಾದರೆ ನೀರಿನ ಮೇಲೆ ಓಡುತ್ತದೆ. ಇವು ಮುಳುಗು ಬಾತು, ಅಂದರೆ ಪೋಚಾರ್ಡ್, ಜುಟ್ಟಿನ ಬಾತು. ಮುಳುಗು ಬಾತುಗಳಲ್ಲಿ ಗೊಂದಲ ಕಡಿಮೆ. ಹೆಣ್ಣು ಕಡುಗಂದು, ಕಣ್ಣು ಹಳದಿ ಇದ್ದರೆ ಜುಟ್ಟಿನ ಬಾತು. ಕಂದು ಟೊಪ್ಪಿಗೆ ಹಾಕಿ ಕೆನ್ನೆ ಮಾತ್ರ ಬೆಳ್ಳಗೆ ಇದ್ದರೆ ಕೆಂಪು ಜುಟ್ಟಿನ ಪೋಚಾರ್ಡಿನ ಹೆಣ್ಣು.

ಪೀಡಿಸುವುದು ಮೇಲುನೀರಿನವು. ಅದರಲ್ಲೂ ನವೆಂಬರಿನಲ್ಲಿ ಹೋದರೆ ಕೆರೆ ತುಂಬ ಹೆಣ್ಣುಗಳೇ ಇದ್ದಂತೆ ಕಾಣುತ್ತದೆ. ಕಾರಣ ಇದೆ. ಗಂಡು ಬಾತುಗಳು ಉತ್ತರದಲ್ಲಿ ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿ ಉದುರಿಸಿ ಹೆಣ್ಣಿನಂಥ ಕಂದು ಗರಿ ತೊಡುತ್ತವೆ. ರೆಕ್ಕೆಯ ದೊಡ್ಡ ಗರಿಗಳೂ ಒಟ್ಟಿಗೇ ಉದುರಿ ಕೆಲವು ವಾರ ಹಾರಲಾಗದೆ ಜೊಂಡಿನಲ್ಲಿ ಅಡಗಿರುತ್ತವೆ, ಆಗ ಬಣ್ಣ ಮಿಂಚಿದರೆ ಪ್ರಾಣಕ್ಕೇ ಸಂಚಕಾರ. ಹೊಸ ರೆಕ್ಕೆ ಬಂದ ಮೇಲೆ, ಕಂದು ಇನ್ನೂ ಪೂರ್ತಿ ಹೋಗದೆಯೇ ನಮ್ಮ ಕಡೆ ಹೊರಡುತ್ತವೆ. ಹೆಚ್ಚಿನವು ಡಿಸೆಂಬರ್ ಹೊತ್ತಿಗೆ ಬಣ್ಣ ತುಂಬಿಕೊಳ್ಳುತ್ತವೆ. ಗಾರ್ಗನಿ, ಅಂದರೆ ಬಿಳಿ ಹುಬ್ಬಿನ ಬಾತು, ಎಲ್ಲರಿಗಿಂತ ಮೊದಲು ಬರುತ್ತದೆ, ಎಲ್ಲರಿಗಿಂತ ತಡವಾಗಿ ಬಣ್ಣ ಹಾಕುತ್ತದೆ. ಅದರ ಬಿಳಿ ಹುಬ್ಬು ಚೆನ್ನಾಗಿ ಕಾಣಬೇಕಾದರೆ ಫೆಬ್ರುವರಿ ಬರಬೇಕು. ಹಾಗಾಗಿ ಹೊಸಬರು ಬಾತಿಗೆ ಜನವರಿಯಿಂದ ಶುರು ಮಾಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕಂದು ಬಾತು ಕಂಡರೆ ಕೊಕ್ಕಿನಿಂದ ಶುರು ಮಾಡಿ. ಕೊಕ್ಕು ತಲೆಗಿಂತ ಉದ್ದ, ತುದಿ ಸಲಿಕೆಯಂತೆ ಅಗಲ: ಸಲಿಕೆ ಕೊಕ್ಕಿನ ಬಾತು, ಗಂಡಾಗಲಿ ಹೆಣ್ಣಾಗಲಿ. ಇವು ಗುಂಪಾಗಿ ಗಾಣದ ಎತ್ತಿನಂತೆ ಸುತ್ತು ಹೊಡೆಯುತ್ತಾ ನೀರು ಸೋಸಿ ತಿನ್ನುತ್ತವೆ, ದೂರದಿಂದಲೇ ಗೊತ್ತಾಗುತ್ತದೆ. ಕೊಕ್ಕು ಕಪ್ಪು, ತುದಿ ಮಾತ್ರ ಹಳದಿ: ಚುಕ್ಕೆ ಕೊಕ್ಕಿನ ಬಾತು. ಇದು ನಮ್ಮೂರಿನದೇ, ವರ್ಷಪೂರ್ತಿ ಇರುತ್ತದೆ, ದೊಡ್ಡ ಗಾತ್ರ, ಗಂಡು ಹೆಣ್ಣು ಒಂದೇ ಥರ. ಕೊಕ್ಕಿನ ಬುಡದ ಕೆಂಪು ಚುಕ್ಕೆ ದೂರದಿಂದ ಕಾಣುವುದಿಲ್ಲ, ಹಳದಿ ತುದಿ ಕಾಣುತ್ತದೆ. ಕೊಕ್ಕು ಬೂದು, ಕತ್ತು ತೆಳ್ಳಗೆ ಉದ್ದ, ತಲೆಯಲ್ಲಿ ಯಾವ ಗುರುತೂ ಇಲ್ಲ, ಬಾಲ ಚೂಪು: ಸೂಜಿಬಾಲದ ಬಾತಿನ ಹೆಣ್ಣು. ಕೊಕ್ಕಿನ ಎರಡೂ ಬದಿಗೆ ಕಿತ್ತಳೆ ಗೆರೆ, ಹಣೆ ನೆಟ್ಟಗೆ: ಗ್ಯಾಡ್‌ವಾಲ್ ಹೆಣ್ಣು. ತಲೆ ಗುಂಡಗೆ, ಕೊಕ್ಕು ಪುಟ್ಟದು, ನೀಲಿ ಬೂದು, ತುದಿ ಕಪ್ಪು: ವಿಜನ್. ವಿಜನ್ ದಂಡೆಯ ಮೇಲೆ ಹತ್ತಿ ದನದ ಹಾಗೆ ಹುಲ್ಲು ಮೇಯುವುದನ್ನೂ ನೋಡಬಹುದು.

ಈಗ ಎರಡು ಪುಟ್ಟವು. ಗಾರ್ಗನಿ ಹೆಣ್ಣು ಮತ್ತು ಟೀಲ್ ಹೆಣ್ಣು. ಎರಡೂ ಸುಮಾರು 38 ಸೆಂಟಿಮೀಟರ್, ಬೇರೆ ಬಾತಿನ ಪಕ್ಕ ಮರಿಗಳಂತೆ ಕಾಣುತ್ತವೆ. ಮುಖ ನೋಡಿ. ಗಾರ್ಗನಿಯ ಮುಖದಲ್ಲಿ ಗೆರೆಗಳಿವೆ. ಕಣ್ಣಿನ ಮೇಲೆ ಬೆಳ್ಳನೆ ಪಟ್ಟಿ, ಕಣ್ಣಿಗೆ ಅಡ್ಡವಾಗಿ ಕಪ್ಪು ಗೆರೆ, ಕೆನ್ನೆಯಲ್ಲಿ ಇನ್ನೊಂದು ಗೆರೆ, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ. ಟೀಲ್ ಮುಖ ಸಾದಾ, ಕಣ್ಣಿನ ಗೆರೆ ಬಿಟ್ಟರೆ ಬೇರೇನಿಲ್ಲ. ಆಮೇಲೆ ಹಿಂಭಾಗ ನೋಡಿ. ಟೀಲ್ ಬಾಲದ ಬುಡದ ಪಕ್ಕ ಒಂದು ಸಣ್ಣ ಬಿಳಿ ಗೀಟು ಇರುತ್ತದೆ, ಗಾರ್ಗನಿಗೆ ಇಲ್ಲ. ನಿದ್ದೆ ಮಾಡುವಾಗ ಮುಖ ಬೆನ್ನಿನ ಗರಿಯಲ್ಲಿ ಹುದುಗಿಸಿರುತ್ತವೆ, ಆಗ ಈ ಗೀಟೇ ಗತಿ. ಹಗಲಲ್ಲಿ ಬಾತುಗಳು ಬಹಳ ಹೊತ್ತು ಮಲಗಿಯೇ ಇರುತ್ತವೆ, ಹಲವು ರಾತ್ರಿ ಮೇಯುವವು. ಹಾಗಾಗಿ ಹಿಂಭಾಗದ ಗುರುತು ಕಲಿಯುವುದು ಸುಮ್ನೆ ಅಲ್ಲ.

ಇಷ್ಟಾದರೂ ತಿಳಿಯದಿದ್ದರೆ ಕಾಯಿರಿ. ಕೂತಲ್ಲೇ ರೆಕ್ಕೆ ಬಿಚ್ಚಿ ಕೊಡವುತ್ತದೆ, ಅರ್ಧ ಗಂಟೆಗೊಮ್ಮೆಯಾದರೂ. ರೆಕ್ಕೆಯ ಹಿಂಭಾಗದ ಪಟ್ಟಿ ನೋಡಿ: ಗ್ಯಾಡ್‌ವಾಲಿಗೆ ಬಿಳಿ, ಟೀಲಿಗೆ ಹೊಳೆಯುವ ಹಸಿರು. ಸಲಿಕೆ ಕೊಕ್ಕಿನದಕ್ಕೆ ರೆಕ್ಕೆಯ ಮುಂಭಾಗ ತಿಳಿನೀಲಿ. ಗಂಡು ಕಂದು ಗರಿ ಹಾಕಿಕೊಂಡಿದ್ದರೂ ರೆಕ್ಕೆಯ ಈ ಗುರುತು ಬದಲಾಗುವುದಿಲ್ಲ, ಅದೇ ಇದರ ಲಾಭ. ಹಾರಿಸಲು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು ದಯವಿಟ್ಟು ಬೇಡ. ಸಾವಿರಾರು ಮೈಲಿ ಹಾರಿ ಬಂದವು, ಒಂದು ಫೋಟೋಗಾಗಿ ಓಡಿಸಬಾರದು. ಮೀನು ಹಿಡಿಯುವವರ ತೆಪ್ಪ ಹತ್ತಿರ ಬಂದರೆ ಅವು ತಾವೇ ಏಳುತ್ತವೆ, ಆಗ ನೋಡಿಕೊಳ್ಳಿ.

ಪಟ್ಟೆತಲೆ ಹೆಬ್ಬಾತಿಗೆ ಗುರುತಿನ ಕಷ್ಟವೇ ಇಲ್ಲ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಕಷ್ಟ ಅವು ಎಲ್ಲಿವೆ ಅನ್ನುವುದು. ಕಡಲೆ, ಗೋಧಿ ಹೊಲದಲ್ಲಿ ಮೇಯ್ದು ಬೆಳಿಗ್ಗೆ ನೀರಿಗೆ ಬರುತ್ತವೆ. ಎಳೆ ಕಡಲೆ ತಿಂದರೆ ರೈತರಿಗೆ ಸಿಟ್ಟು ಬರುವುದು ಸಹಜ, ಆ ಸಿಟ್ಟಿನಲ್ಲೇ ಎಲ್ಲಿ ಇಳಿದಿವೆ ಅಂತ ಹೇಳುತ್ತಾರೆ, ಕೇಳಿ. ಕೆಲವು ಹೆಬ್ಬಾತಿನ ಕತ್ತಿಗೆ ಸಂಶೋಧಕರು ಹಾಕಿದ ಬಣ್ಣದ ಪಟ್ಟಿ ಇರುತ್ತದೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ, ದಿನ, ಜಾಗ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ಹೇಳಿ.

ಬರೆದಿಡುವುದು

ಫೋನಿನ ಮರ್ಲಿನ್ ಆ್ಯಪ್ ಫೋಟೋ ನೋಡಿ ಹೆಸರು ಹೇಳುತ್ತದೆ. ಗಂಡು ಹಕ್ಕಿಗೆ ಸರಿ, ಹೆಣ್ಣು ಬಂಟಿಂಗ್, ಕಂದು ಬಾತಿಗೆ ಅದರ ಮಾತನ್ನು ವೇದವಾಕ್ಯ ಅಂತ ನಂಬಬೇಡಿ. ಕಂಡ ಹಕ್ಕಿ ದಾಖಲಿಸುವ ಜಾಲತಾಣ ಈ-ಬರ್ಡ್‌ನಲ್ಲಿ ಪಟ್ಟಿ ಹಾಕುವವರು ಗೊತ್ತಾಗದ್ದನ್ನು ಸುಮ್ಮನೆ "ಬಾತು, ಯಾವುದೋ" ಅಂತ ಹಾಕಬಹುದು. ಕಪ್ಪು ತಲೆಯದೋ ಕೆಂಪು ತಲೆಯದೋ ತಿಳಿಯದ ಬಂಟಿಂಗಿಗೆ ಎರಡೂ ಹೆಸರು ಕೂಡಿಸಿದ ಆಯ್ಕೆಯೇ ಅಲ್ಲಿದೆ, ಅಂದರೆ ತಿಳಿಯದವರು ನಾವೊಬ್ಬರೇ ಅಲ್ಲ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಫೆಬ್ರುವರಿಯಲ್ಲಿ ನಾಲ್ಕು ದಿನ ಎಲ್ಲರೂ ತಮ್ಮ ಸುತ್ತಲಿನ ಹಕ್ಕಿ ಎಣಿಸುವ ಕಾರ್ಯಕ್ರಮ ಇರುತ್ತದೆ. ಎರಡಕ್ಕೂ ಹೊಸಬರು ಸೇರಬಹುದು, ಹಳಬರ ಪಕ್ಕ ನಿಂತು ಎರಡು ಗಂಟೆ ನೋಡಿದರೆ ಪುಸ್ತಕದ ಐವತ್ತು ಪುಟಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಡಿಸೆಂಬರಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ ಪುಟಗಳನ್ನು ಹರಿಯಬೇಡಿ. ಫೆಬ್ರುವರಿ ಕೊನೆಗೆ ಅದೇ ಜಾಗಕ್ಕೆ ಅದೇ ಪುಟ ಹಿಡಿದು ಹೋಗಿ. ಗಾರ್ಗನಿ ಗಂಡಿಗೆ ಅಷ್ಟೊತ್ತಿಗೆ ಬಿಳಿ ಹುಬ್ಬು ಬಂದಿರುತ್ತದೆ. ಕಪ್ಪು ತಲೆಯ ಗಂಡು ಬಂಟಿಂಗಿನ ತಲೆಯ ಗರಿಗಳ ಕಂದು ಅಂಚು ಸವೆದು ಒಳಗಿನ ಕಪ್ಪು ಹೊರಗೆ ಕಾಣತೊಡಗುತ್ತದೆ. ಮನೆಗುಬ್ಬಿ ಗಂಡಿನ ಗಂಟಲಿನ ಕಪ್ಪೂ ಹೀಗೇ, ಗರಿಯ ಅಂಚು ಸವೆದಷ್ಟೂ ಅಗಲವಾಗುತ್ತದೆ. ಹೊಸ ಗರಿ ಬರಬೇಕಾಗಿಯೇ ಇಲ್ಲ.

ಈ ಸಲ ಶಿವರಾತ್ರಿ ಆದ ಮೇಲೆ ಒಂದು ಬೆಳಿಗ್ಗೆ ಮಾವ ಫೋನ್ ಮಾಡಿದರು. ಜೋಳ ಕೊಯ್ಲಿಗೆ ಬಂದಿತ್ತು. "ಅಳಿಯಾ, ಹೊಲದಾಗಿನ ಆ ಗುಬ್ಬಿಗೋಳ ತಲಿ ಕರ್ರಗಾಗ್ಯಾವ. ಎಲ್ಲಾ ಅಲ್ಲ ಮತ್ತ, ಅರ್ಧ. ಕೊಯ್ಯೂದ್ರಾಗ ಬಂದು ನೋಡ್ಕೊಂಡು ಹೋಗು."